ಒಂದು ತಟ್ಟೆ ಮಣ್ಣು, ಒಂದು ಹಿಡಿ ಮೆಂತ್ಯ: ಪುಟ್ಟ ಮಕ್ಕಳೊಂದಿಗೆ ಮನೆಯಲ್ಲಿ ಈಸ್ಟರ್

ಈಸ್ಟರ್ ಎಂದರೆ ಯೇಸು ಸತ್ತು ಮತ್ತೆ ಎದ್ದುಬಂದ ನೆನಪಿನ ಹಬ್ಬ. ಅದರ ಕೆಲಸವನ್ನು ಈಸ್ಟರ್ ದಿನವೇ ಶುರು ಮಾಡಿದರೆ ಪುಟ್ಟ ಮಕ್ಕಳ ಪಾಲಿಗೆ ಹಬ್ಬ ಅಂಗಡಿಯ ಚಾಕೊಲೇಟ್ ಮೊಟ್ಟೆಯಲ್ಲೇ ಮುಗಿದುಹೋಗುತ್ತದೆ. ಒಂದು ವಾರ ಮೊದಲೇ, ಚರ್ಚಿನಲ್ಲಿ ಗರಿ ಕೊಡುವ ಗರಿಗಳ ಭಾನುವಾರದ ಬಲಿಪೂಜೆ (ಮಾಸ್) ಮುಗಿಸಿ ಮನೆಗೆ ಬಂದ ಕೂಡಲೇ ಶುರು ಮಾಡಿ. ನಮ್ಮ ಮನೆಯಲ್ಲಿ ಮೂರು ವರ್ಷದ ಮಗಳು, ಆರು ವರ್ಷದ ಮಗ ಇದ್ದಾರೆ. ಇಲ್ಲಿ ಬರೆದಿರುವುದೆಲ್ಲ ಅವರ ಕೈಯಲ್ಲಿ ಆದ ಕೆಲಸ. ದೊಡ್ಡವರು ಒಲೆಯ ಹತ್ತಿರ ಇದ್ದರೆ ಸಾಕು.

ಈಸ್ಟರ್ ಪ್ರತಿವರ್ಷ ಬೇರೆ ಬೇರೆ ತಾರೀಕಿಗೆ ಬರುತ್ತದೆ. ಮಾರ್ಚ್ 21ರಂದು ಅಥವಾ ಅದರ ನಂತರ ಬರುವ ಮೊದಲ ಹುಣ್ಣಿಮೆ ಕಳೆದ ಮೇಲಿನ ಭಾನುವಾರ ಎಂಬುದು ಚರ್ಚಿನ ಲೆಕ್ಕ. ಅದಕ್ಕೇ 2026ರಲ್ಲಿ ಏಪ್ರಿಲ್ 5ಕ್ಕೆ, 2027ರಲ್ಲಿ ಮಾರ್ಚ್ 28ಕ್ಕೆ. ಮಕ್ಕಳಿಗೆ ಈ ಲೆಕ್ಕ ಬೇಡ. ಆ ವಾರ ರಾತ್ರಿ ಊಟ ಆದಮೇಲೆ ಟೆರೇಸಿಗೆ ಕರೆದುಕೊಂಡು ಹೋಗಿ ಚಂದ್ರನನ್ನು ತೋರಿಸಿ. ಹುಣ್ಣಿಮೆಯ ಆಸುಪಾಸೇ ಹಬ್ಬ ಎಂಬುದು ಅವರಿಗೆ ಹಾಗೇ ಗೊತ್ತಾಗುತ್ತದೆ.

ತಟ್ಟೆಯಲ್ಲೊಂದು ತೋಟ

ಎಲ್ಲ ಬಿಟ್ಟರೂ ಇದೊಂದನ್ನು ಮಾಡಿ. ಯೇಸುವನ್ನು ಸಮಾಧಿ ಮಾಡಿದ್ದು ಒಂದು ತೋಟದಲ್ಲಿ ಎಂದು ಬೈಬಲಿನ ಯೋಹಾನನ ಶುಭಸಂದೇಶ ಹೇಳುತ್ತದೆ. ಮೂರನೆಯ ದಿನ ಬೆಳಿಗ್ಗೆ ಅಲ್ಲಿಗೆ ಹೋದ ಮಗ್ದಲದ ಮರಿಯ, ಎದುರಿಗೆ ನಿಂತ ಯೇಸುವನ್ನೇ ತೋಟದ ಮಾಲಿ ಅಂದುಕೊಂಡಳಂತೆ. ಆ ತೋಟವನ್ನೇ ನಾವು ತಟ್ಟೆಯಲ್ಲಿ ಮಾಡುವುದು.

ಎರಡು ಇಂಚು ಆಳದ ಅಗಲವಾದ ತಟ್ಟೆಯೊಂದು ಬೇಕು. ಹೂಕುಂಡದ ಕೆಳಗೆ ಇಡುವ ಪ್ಲಾಸ್ಟಿಕ್ ತಟ್ಟೆ, ಹಳೆಯ ಸ್ಟೀಲ್ ಹರಿವಾಣ, ಯಾವುದಾದರೂ ಆದೀತು. ಜೊತೆಗೆ ಕೈಮುಷ್ಟಿ ಗಾತ್ರದ ಮಣ್ಣಿನ ಕುಡಿಕೆ, ಒಂದು ಹಿಡಿ ಮೆಂತ್ಯ, ಕೆಂಪು ಮಣ್ಣು. ತೆಂಗಿನ ನಾರಿನ ಪುಡಿ ಸಿಕ್ಕಿದರೆ ಮಣ್ಣಿಗೆ ಅರ್ಧಕ್ಕರ್ಧ ಬೆರೆಸಿ, ತೇವ ಹೆಚ್ಚು ಹೊತ್ತು ಉಳಿಯುತ್ತದೆ.

ಗರಿಗಳ ಭಾನುವಾರದ ಹಿಂದಿನ ರಾತ್ರಿಯೇ ಮೆಂತ್ಯ ನೆನೆಸಿಡಿ. ಭಾನುವಾರ ತಟ್ಟೆಗೆ ಮಣ್ಣು ತುಂಬಿ, ಕುಡಿಕೆಯನ್ನು ಒಂದು ಮೂಲೆಯಲ್ಲಿ ಅಡ್ಡ ಮಲಗಿಸಿ. ಬಾಯಿ ನಿಮ್ಮ ಕಡೆಗಿರಲಿ. ಅದರ ಮೇಲೆ ಮಣ್ಣು ಪೇರಿಸಿ ಗುಡ್ಡ ಮಾಡುವ ಕೆಲಸ ಪೂರ್ತಿ ಮಕ್ಕಳದು. ಕುಡಿಕೆಯ ಬಾಯಿಯೊಂದು ಬಿಟ್ಟು ಉಳಿದದ್ದೆಲ್ಲ ಮುಚ್ಚಲಿ. ಆಮೇಲೆ ಮೆಂತ್ಯವನ್ನು ಒತ್ತೊತ್ತಾಗಿ ಹರಡಿ, ಮೇಲೆ ತೆಳ್ಳಗೆ ಮಣ್ಣು ಉದುರಿಸಿ. ಚೊಂಬಿನಲ್ಲಿ ನೀರು ಕೊಟ್ಟರೆ ಗುಡ್ಡವೇ ಕರಗಿಹೋಗುತ್ತದೆ. ಸ್ಪ್ರೇ ಬಾಟಲಿ ಕೊಡಿ, ಇಲ್ಲವೇ ಬೆರಳು ಅದ್ದಿ ಚಿಮುಕಿಸುವುದನ್ನು ಕಲಿಸಿ. ನಮ್ಮ ಬೇಸಿಗೆಗೆ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ನೀರು ಬೇಕೇ ಬೇಕು. ತಟ್ಟೆ ಬೆಳಕಿರುವ ಕಿಟಕಿಯ ಹತ್ತಿರ ಇರಲಿ, ಉರಿಬಿಸಿಲಿಗೆ ಬೇಡ.

ಮೊದಲ ಎರಡು ದಿನ ಮಕ್ಕಳು ಗಂಟೆಗೊಮ್ಮೆ ಬಂದು ಮಣ್ಣು ಕೆದಕಿ ನೋಡುತ್ತಾರೆ. ಒಂದೆರಡು ಕಾಳು ಕೆದಕಿದರೆ ಪರವಾಗಿಲ್ಲ, ಗದರಬೇಡಿ. ಮೂರನೆಯ ದಿನದ ಹೊತ್ತಿಗೆ ಮಣ್ಣು ಅಲ್ಲಲ್ಲಿ ಬಿರುಕು ಬಿಡುತ್ತದೆ. ಬಿಳಿ ದಂಟೊಂದು ಬೆನ್ನು ಬಾಗಿಸಿ ಮೇಲೇಳುತ್ತದೆ, ತಲೆಯ ಮೇಲೆ ಕಾಳಿನ ಸಿಪ್ಪೆ ಹಾಗೇ ಅಂಟಿಕೊಂಡಿರುತ್ತದೆ. ‘ಅಮ್ಮಾ, ಟೋಪಿ ಹಾಕ್ಕೊಂಡು ಬಂದಿದೆ!’ ಅಂತ ನನ್ನ ಮಗಳು ಕಿರುಚಿದ್ದಳು. ಸಿಪ್ಪೆ ಕಳಚಿ ಎರಡೆಲೆ ಬಿಚ್ಚಿಕೊಳ್ಳುವುದನ್ನು ನೋಡಲು ಅವಳು ಮರುದಿನ ಹಾಲನ್ನೂ ತಟ್ಟೆಯ ಮುಂದೆ ಕೂತೇ ಕುಡಿದಳು.

ವಾರದ ನಡುವೆ ಕಲ್ಲು ಹುಡುಕಲು ಹೊರಡಿ. ಕುಡಿಕೆಯ ಬಾಯಿಗೆ ಸರಿಯಾಗಿ ಕೂರುವ ಚಪ್ಪಟೆ ಕಲ್ಲು ಬೇಕು. ಬಾಯಿಯ ಅಳತೆಗೆ ಕಾಗದ ಕತ್ತರಿಸಿ ಮಗುವಿನ ಕೈಗೆ ಕೊಟ್ಟರೆ, ಸಿಕ್ಕಿದ ಪ್ರತಿ ಕಲ್ಲನ್ನೂ ಅದರ ಮೇಲಿಟ್ಟು ನೋಡುತ್ತಾ ಪಾರ್ಕಿನ ತುಂಬ ಓಡಾಡುತ್ತದೆ. ಯೇಸು ಶಿಲುಬೆಯ ಮೇಲೆ ಸತ್ತ ದಿನವಾದ ಶುಭ ಶುಕ್ರವಾರ ಪೊರಕೆಯ ತೆಂಗಿನ ಕಡ್ಡಿ ಮುರಿದು, ದಾರ ಸುತ್ತಿ ಮೂರು ಶಿಲುಬೆ ಮಾಡಿ ಗುಡ್ಡದ ಮೇಲೆ ನೆಡಿ. ಕಡ್ಡಿಯ ತುದಿ ಚೂಪಾಗಿರುತ್ತದೆ, ಮೊದಲೇ ಕತ್ತರಿಸಿಬಿಡಿ. ಸಂಜೆ ಪುಟ್ಟ ಬಿಳಿ ಬಟ್ಟೆಯನ್ನು ಕುಡಿಕೆಯೊಳಗಿಟ್ಟು ಕಲ್ಲು ಮುಚ್ಚಿ. ಆ ಹೊತ್ತಿಗೆ ಮಕ್ಕಳು ತಾವಾಗಿಯೇ ಸುಮ್ಮನಾಗುತ್ತಾರೆ. ಕಥೆ ಹೇಳಲು ಅದೇ ಸಮಯ. ಮೂರು ವರ್ಷದವರಿಗೆ ಮೊಳೆ, ರಕ್ತದ ವಿವರ ಬೇಡ. ‘ಯೇಸು ಸತ್ತುಹೋದರು, ಅವರ ಸ್ನೇಹಿತರು ತುಂಬಾ ಅತ್ತರು, ತೋಟದಲ್ಲಿ ಮಲಗಿಸಿ ಕಲ್ಲು ಮುಚ್ಚಿದರು’ ಎಂದರೆ ಸಾಕು.

ಈರುಳ್ಳಿ ಸಿಪ್ಪೆಯ ಮೊಟ್ಟೆ

ಹಿಂದೆ ಈಸ್ಟರ್‌ಗೆ ಮುಂಚಿನ ನಲವತ್ತು ದಿನಗಳ ಉಪವಾಸದ ಅವಧಿಯಾದ ತಪಸ್ಸು ಕಾಲದಲ್ಲಿ ಮಾಂಸದಂತೆ ಮೊಟ್ಟೆಯನ್ನೂ ತಿನ್ನುತ್ತಿರಲಿಲ್ಲ. ಕೋಳಿಗಳಿಗೆ ಉಪವಾಸವಿಲ್ಲವಲ್ಲ, ಈಸ್ಟರ್ ಹೊತ್ತಿಗೆ ಮನೆಯಲ್ಲಿ ಮೊಟ್ಟೆ ರಾಶಿ ಬೀಳುತ್ತಿತ್ತು. ಗ್ರೀಸಿನಂಥ ಪೂರ್ವ ದೇಶಗಳ ಚರ್ಚುಗಳಲ್ಲಿ ಅದಕ್ಕೆ ಕ್ರಿಸ್ತನ ರಕ್ತದ ಗುರುತಾಗಿ ಕೆಂಪು ಬಣ್ಣ ಹಾಕಿದರು. ಮುಚ್ಚಿದ ಚಿಪ್ಪು ಸಮಾಧಿ, ಚಿಪ್ಪು ಒಡೆದರೆ ಪುನರುತ್ಥಾನ. ಉಕ್ರೇನಿನಲ್ಲಿ ಮೇಣದಿಂದ ಗೆರೆ ಎಳೆದು ಬಣ್ಣದಲ್ಲಿ ಅದ್ದುವ ‘ಪಿಸಾಂಕಾ’ ಮೊಟ್ಟೆಗಳು ದೊಡ್ಡ ಕಲೆಯೇ. ಪುಟ್ಟ ಮಕ್ಕಳಿಗೆ ಬಿಸಿ ಮೇಣ ಬೇಡ. ನಮ್ಮ ಅಡುಗೆಮನೆಯ ಈರುಳ್ಳಿ ಸಿಪ್ಪೆ ಸಾಕು.

ಹತ್ತು ಹನ್ನೆರಡು ಈರುಳ್ಳಿಯ ಒಣ ಸಿಪ್ಪೆ ಕೂಡಿಡಿ. ತರಕಾರಿ ಅಂಗಡಿಯಲ್ಲಿ ಕೇಳಿದರೆ ಬುಟ್ಟಿಯ ತಳದ್ದನ್ನೆಲ್ಲ ಒಂದು ಚೀಲಕ್ಕೆ ತುಂಬಿ ಸುಮ್ಮನೆ ಕೊಡುತ್ತಾರೆ. ನಾಲ್ಕು ಲೋಟ ನೀರಿಗೆ ಹಾಕಿ ಅರ್ಧ ಗಂಟೆ ಕುದಿಸಿ, ಸೋಸಿ, ಪೂರ್ತಿ ಆರಿಸಿ. ಆಮೇಲೆ ಎರಡು ದೊಡ್ಡ ಚಮಚ ವಿನೆಗರ್ ಬೆರೆಸಿ. ಆರು ಬಿಳಿ ಮೊಟ್ಟೆಗಳನ್ನು ಹನ್ನೆರಡು ನಿಮಿಷ ಬೇಯಿಸಿ, ತಣ್ಣೀರಿನಲ್ಲಿಟ್ಟು, ಒರೆಸಿಡಿ. ನಾಟಿ ಮೊಟ್ಟೆಯ ಕಂದು ಚಿಪ್ಪಿನ ಮೇಲೆ ಬಣ್ಣ ಅಷ್ಟಾಗಿ ಎದ್ದು ಕಾಣುವುದಿಲ್ಲ, ಫಾರಂ ಮೊಟ್ಟೆಯೇ ಒಳ್ಳೆಯದು.

ಮುಂದಿನದು ಮಕ್ಕಳ ಕೆಲಸ. ಕೊತ್ತಂಬರಿಯ ಒಂದೆಲೆ ಕಿತ್ತು, ಒದ್ದೆ ಮಾಡಿ ಚಿಪ್ಪಿನ ಮೇಲೆ ಅಂಟಿಸಲಿ. ಎಲೆಯ ಅಂಚು ಎಲ್ಲೂ ಎದ್ದಿರಬಾರದು, ಎದ್ದಲ್ಲಿ ಬಣ್ಣ ನುಗ್ಗುತ್ತದೆ. ಹಳೆಯ ತೆಳು ಕಾಲುಚೀಲದ ತುಂಡಿನಲ್ಲಿ ಮೊಟ್ಟೆಯನ್ನು ಬಿಗಿಯಾಗಿ ಸುತ್ತಿ, ಹಿಂದೆ ದಾರ ಕಟ್ಟಿ ಬಣ್ಣದ ನೀರಿಗೆ ಬಿಡಿ. ಪಾತ್ರೆಯನ್ನು ರಾತ್ರಿಯಿಡೀ ಫ್ರಿಜ್‌ನಲ್ಲಿಡಿ. ಬೆಳಿಗ್ಗೆ ದಾರ ಬಿಚ್ಚಿ ಎಲೆ ತೆಗೆದರೆ ಇಟ್ಟಿಗೆ ಕೆಂಪಿನ ನಡುವೆ ಕೊತ್ತಂಬರಿಯ ಪ್ರತಿ ಹಲ್ಲೂ ಬಿಳಿಯಾಗಿ ಮೂಡಿರುತ್ತದೆ. ಒಂದು ಹನಿ ಎಣ್ಣೆ ಸವರಿದರೆ ಹೊಳಪು ಬರುತ್ತದೆ.

ವಿನೆಗರಿನಲ್ಲಿ ಮುಳುಗಿದ ಮೊಟ್ಟೆಯ ಮೈಮೇಲೆ ಸಣ್ಣ ಗುಳ್ಳೆಗಳು ಏಳುತ್ತವೆ. ಚಿಪ್ಪಿನಲ್ಲಿರುವುದು ಸುಣ್ಣದ ಅಂಶ, ಹುಳಿ ಅದನ್ನು ಕೊಂಚ ಕೊರೆಯುವುದರಿಂದ ಬಣ್ಣ ಹಿಡಿಯುತ್ತದೆ. ಅರಿಸಿನ ಹಳದಿ ಕೊಡುತ್ತದೆ. ನೇರಳೆ ಬಣ್ಣದ ಎಲೆಕೋಸನ್ನು ಕುದಿಸಿದ ನೀರು ನೋಡಲು ನೇರಳೆ, ಆದರೆ ಮೊಟ್ಟೆ ಹೊರಬರುವುದು ನೀಲಿಯಾಗಿ! ನನ್ನ ಮಗ ಇದನ್ನು ನಂಬಲು ಎರಡನೇ ಮೊಟ್ಟೆ ಅದ್ದಬೇಕಾಯಿತು. ಬೀಟ್ರೂಟ್ ಮೇಲೆ ಹೆಚ್ಚು ಆಸೆ ಇಟ್ಟುಕೊಳ್ಳಬೇಡಿ, ಮಂಕು ಗುಲಾಬಿಗಿಂತ ಮೇಲೆ ಹೋಗುವುದಿಲ್ಲ.

ನಮ್ಮ ಸೆಕೆಗೆ ಬೇಯಿಸಿದ ಮೊಟ್ಟೆ ಒಂದು ಗಂಟೆಗಿಂತ ಹೆಚ್ಚು ಹೊರಗಿರಬಾರದು. ಫ್ರಿಜ್‌ನಲ್ಲಿಟ್ಟು ವಾರದೊಳಗೆ ತಿಂದು ಮುಗಿಸಿ. ಮೊಟ್ಟೆ ಬಚ್ಚಿಟ್ಟು ಹುಡುಕಿಸುವ ಆಟಕ್ಕೆ ರಟ್ಟಿನಲ್ಲಿ ಕತ್ತರಿಸಿ ಬಣ್ಣ ಹಚ್ಚಿದ ಮೊಟ್ಟೆಗಳೇ ಸರಿ. ಎಷ್ಟು ಇಟ್ಟಿದ್ದೀರಿ ಎಂದು ಎಣಿಸಿಕೊಂಡಿರಿ.

ಗೇರುಬೀಜದ ಮಾರ್ಜಿಪಾನ್

ಬಾದಾಮಿಯ ಬದಲು ಗೇರುಬೀಜದಲ್ಲಿ ಮಾರ್ಜಿಪಾನ್ ಎಂಬ ಸಿಹಿ ಮಾಡುವುದು ಮಂಗಳೂರಿನ ಮನೆಗಳಲ್ಲಿ ಮಾಮೂಲು. ಹಸಿ ಮೊಟ್ಟೆಯ ಬಿಳಿ ಹಾಕುವ ಕ್ರಮವನ್ನು ಮಕ್ಕಳಿಗೋಸ್ಕರ ಬಿಟ್ಟಿದ್ದೇನೆ. ಒಂದು ಕಪ್ ಗೇರುಬೀಜವನ್ನು ನಿಲ್ಲಿಸಿ ನಿಲ್ಲಿಸಿ ಪುಡಿ ಮಾಡಿ. ಒಂದೇ ಸಮ ತಿರುಗಿಸಿದರೆ ಎಣ್ಣೆ ಬಿಡುತ್ತದೆ. ಜರಡಿ ಹಿಡಿದು ಮುಕ್ಕಾಲು ಕಪ್ ಸಕ್ಕರೆ ಪುಡಿ ಬೆರೆಸಿ, ಪನ್ನೀರನ್ನು ಹನಿಹನಿಯಾಗಿ ಹಾಕುತ್ತಾ ಚಪಾತಿ ಹಿಟ್ಟಿನಂತೆ ನಾದಿ. ಎರಡು ಚಿಕ್ಕ ಚಮಚಕ್ಕಿಂತ ಹೆಚ್ಚು ಬೇಕಾಗುವುದಿಲ್ಲ. ಮಕ್ಕಳು ಕೈತೊಳೆದು ಪುಟ್ಟ ಪುಟ್ಟ ಮೊಟ್ಟೆ ಕಟ್ಟಲಿ. ಮನೆಗೆ ಬರುವ ಮಕ್ಕಳಿಗೆ ಕೊಡುವ ಮೊದಲು ಗೇರುಬೀಜ ಆಗುತ್ತದೆಯೇ ಎಂದು ಅವರ ತಾಯಿಯನ್ನು ಕೇಳಿಕೊಳ್ಳಿ.

ಶನಿವಾರ ರಾತ್ರಿ, ಭಾನುವಾರ ಬೆಳಿಗ್ಗೆ

ಈಸ್ಟರ್ ಹಿಂದಿನ ಶನಿವಾರ, ಪಾಸ್ಕ (ಈಸ್ಟರ್) ಜಾಗರಣೆಯ ರಾತ್ರಿ ಚರ್ಚಿನ ಹೊರಗೆ ಹೊಸ ಬೆಂಕಿ ಹೊತ್ತಿಸಿ, ಅದರಿಂದ ದೊಡ್ಡ ಪಾಸ್ಕ ಮೇಣದಬತ್ತಿ ಬೆಳಗಿಸುತ್ತಾರೆ. ಅದರ ಮೇಲೆ ಶಿಲುಬೆ, ಆ ವರ್ಷದ ನಾಲ್ಕು ಅಂಕಿ, ಐದು ಗಾಯಗಳ ನೆನಪಿಗೆ ಐದು ಧೂಪದ ಕಾಳು ಇರುತ್ತವೆ. ಪುಟ್ಟ ಮಕ್ಕಳು ಅಷ್ಟು ಹೊತ್ತು ಎಚ್ಚರ ಇರುವುದು ಕಷ್ಟ. ಮನೆಯಲ್ಲೇ ದಪ್ಪ ಬಿಳಿ ಮೇಣದಬತ್ತಿಯ ಕೆಳಭಾಗದಲ್ಲಿ ಬಿಸಿ ಸೂಜಿಯಿಂದ ಐದು ತೂತು ಮಾಡಿಕೊಡಿ, ಅವರು ಒಂದೊಂದಕ್ಕೂ ಲವಂಗ ಚುಚ್ಚಲಿ. ದೀಪ ಆರಿಸಿ, ಅದೊಂದನ್ನೇ ಹಚ್ಚಿ ಕೂತುಕೊಳ್ಳಿ.

ಮಕ್ಕಳು ಮಲಗಿದ ಮೇಲೆ ನಿಮಗೊಂದು ಕೆಲಸವಿದೆ. ತಟ್ಟೆಯ ತೋಟದ ಕಲ್ಲನ್ನು ಪಕ್ಕಕ್ಕೆ ಉರುಳಿಸಿ. ಒಳಗಿನ ಬಟ್ಟೆಯನ್ನು ಹೊರತೆಗೆಯಬೇಡಿ, ಮಡಿಸಿ ಅಲ್ಲೇ ಇಡಿ. ತಲೆಗೆ ಸುತ್ತಿದ್ದ ಬಟ್ಟೆ ಬೇರೆಯಾಗಿ ಸುತ್ತಿಟ್ಟಿತ್ತು ಎಂದು ಶುಭಸಂದೇಶದಲ್ಲಿದೆ. ಅಷ್ಟರಲ್ಲಿ ಮೆಂತ್ಯ ಒಂದೆರಡು ಇಂಚು ಬೆಳೆದು ಗುಡ್ಡವೆಲ್ಲ ಹಸಿರಾಗಿರುತ್ತದೆ. ಮಲ್ಲಿಗೆ ಸಿಕ್ಕಿದರೆ ನಾಲ್ಕು ಹೂ ಉದುರಿಸಿಡಿ.

ಬೆಳಿಗ್ಗೆ ಮಕ್ಕಳನ್ನು ಎಬ್ಬಿಸಿ, ಏನೂ ಹೇಳದೆ ತಟ್ಟೆಯ ಹತ್ತಿರ ಬಿಡಿ. ಕಳೆದ ವರ್ಷ ಮಗಳು ಕುಡಿಕೆಯೊಳಗೆ ಬೆರಳು ಹಾಕಿ ಸುತ್ತಲೂ ತಡವಿದಳು. ಬಟ್ಟೆ ಹೊರತೆಗೆದು ಬಿಚ್ಚಿ ನೋಡಿದಳು. ಆಮೇಲೆ ಅಣ್ಣನನ್ನು ಎಬ್ಬಿಸಲು ಓಡಿದಳು.

ತಿಂಡಿಗೆ ಮುಂಚೆ ಗ್ರೀಕರ ಆಟವೊಂದನ್ನು ಆಡಿ. ಇಬ್ಬರೂ ಒಂದೊಂದು ಬಣ್ಣದ ಮೊಟ್ಟೆ ಹಿಡಿದು ತುದಿಗೆ ತುದಿ ಕುಟ್ಟಬೇಕು. ಒಬ್ಬರು ‘ಕ್ರಿಸ್ತ ಎದ್ದಿದ್ದಾರೆ’ ಅಂದರೆ ಇನ್ನೊಬ್ಬರು ‘ನಿಜವಾಗಿಯೂ ಎದ್ದಿದ್ದಾರೆ’ ಅನ್ನಬೇಕು. ಚಿಪ್ಪು ಒಡೆಯದವರು ಗೆದ್ದಂತೆ. ಒಡೆದದ್ದಕ್ಕೆ ಉಪ್ಪು, ಮೆಣಸಿನಪುಡಿ ಉದುರಿಸಿ ಅಲ್ಲೇ ತಿನ್ನಿ.

ಸೋಮವಾರ ಮೆಂತ್ಯದ ಸಸಿಗಳನ್ನು ಕತ್ತರಿಯಿಂದ ಕತ್ತರಿಸಿ, ಚೆನ್ನಾಗಿ ತೊಳೆದು ತೊವ್ವೆಗೆ ಹಾಕಿ. ಬುಡದ ಮಣ್ಣು ಹೂಕುಂಡಕ್ಕೆ ಹೋಗಲಿ. ಕುಡಿಕೆ, ಕಲ್ಲು ಎರಡನ್ನೂ ಆ ಬಿಳಿ ಬಟ್ಟೆಯಲ್ಲಿ ಸುತ್ತಿ ಎತ್ತಿಡಿ. ಗರಿಗಳ ಭಾನುವಾರ ಚರ್ಚಿನಿಂದ ತಂದ ಗರಿಯನ್ನು ಮಾತ್ರ ಎಸೆಯಬೇಡಿ, ದೇವರ ಪಟದ ಹಿಂದೆ ಸಿಕ್ಕಿಸಿಡಿ. ಬರುವ ವರ್ಷ ತಪಸ್ಸು ಕಾಲ ಶುರುವಾಗುವ ವಿಭೂತಿ ಬುಧವಾರಕ್ಕೆ ಮೊದಲು ಹಳೆಯ ಗರಿಗಳನ್ನು ಚರ್ಚಿನಲ್ಲಿ ಕೇಳಿ ಪಡೆದು, ಸುಟ್ಟು ವಿಭೂತಿ ಮಾಡುತ್ತಾರೆ. ಅದನ್ನು ಕೊಂಡೊಯ್ದು ಕೊಡುವ ಕೆಲಸ ಮಕ್ಕಳದೇ ಆಗಲಿ.