ನೀರಂಚಿನಲ್ಲಿ ನಿವೃತ್ತಿಯ ಮನೆ: ಕನ್ನಂಬಾಡಿಯ ಸುತ್ತಮುತ್ತ ಕೊಳ್ಳುವ ಮುನ್ನ ನೋಡಬೇಕಾದದ್ದು

ಕನ್ನಂಬಾಡಿ ಕಟ್ಟೆಯ, ಅಂದರೆ ಕೃಷ್ಣರಾಜಸಾಗರದ (ಕೆಆರ್‌ಎಸ್), ಹಿನ್ನೀರಿನ ದಡದಲ್ಲಿ ಮನೆ ಮಾಡಿಕೊಳ್ಳಬೇಕೆಂದು ಹೊರಡುವವರಲ್ಲಿ ಹೆಚ್ಚಿನವರು ಜಾಗ ನೋಡಲು ಹೋಗುವುದು ಮಳೆಗಾಲ ಮುಗಿದ ಮೇಲೆ, ಕಟ್ಟೆ ತುಂಬಿ ತುಳುಕುತ್ತಿರುವ ದಿನಗಳಲ್ಲಿ. ನಮ್ಮ ಭಾವನವರೂ ಹಾಗೆಯೇ ಹೋದರು. ಬೆಂಗಳೂರಿನಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾದ ಅವರಿಗೆ ಬೆಳಗ್ಗೆ ಎದ್ದು ದೋಣಿಯಲ್ಲಿ ಒಂದು ಸುತ್ತು ಹೋಗಿ ಬರುವ ಆಸೆ ಬಹಳ ಕಾಲದಿಂದ ಇತ್ತು. ನವೆಂಬರ್‌ನಲ್ಲಿ ನೋಡಿದ ನಿವೇಶನದ ತಂತಿಬೇಲಿಗೆ ಅಲೆ ತಾಕುತ್ತಿತ್ತು. ಮಾರುವವರು ಕಲ್ಲಿನ ಮೆಟ್ಟಿಲು ಕಟ್ಟಿಸಿ, ದೋಣಿ ಕಟ್ಟಲು ಒಂದು ಕಂಬವನ್ನೂ ನೆಟ್ಟಿದ್ದರು. ಮುಂಗಡ ಕೊಡುವ ಮೊದಲು ಬೇಸಿಗೆಯಲ್ಲೊಮ್ಮೆ ನೋಡಿಬಿಡೋಣವೆಂದು ನಾನು ಹಟ ಹಿಡಿದೆ. ಏಪ್ರಿಲ್ ಕೊನೆಯಲ್ಲಿ ನಾವು ಹೋದಾಗ ಅದೇ ಮೆಟ್ಟಿಲುಗಳ ಕೆಳಗೆ ಅಂಗೈಯಗಲ ಬಿರುಕುಬಿಟ್ಟ ಜೇಡಿಮಣ್ಣಿತ್ತು, ದನಗಳು ಮೇಯುತ್ತಿದ್ದವು, ನೀರು ದೂರದಲ್ಲಿ ಒಂದು ಬೆಳ್ಳಿ ಗೆರೆಯಾಗಿ ಮಾತ್ರ ಕಾಣುತ್ತಿತ್ತು. ಭಾವನವರು ಆ ಕಂಬದ ಬಳಿ ಬಹಳ ಹೊತ್ತು ಮಾತಿಲ್ಲದೆ ನಿಂತಿದ್ದರು.

ನೀರಂಚಿನ ಮನೆಯನ್ನು ನೀರು ತುಂಬಿದ ದಿನ ನೋಡಿ ನಿರ್ಧರಿಸಬಾರದು, ನೀರು ಅತಿ ಕಡಿಮೆಯಿರುವ ದಿನ ಮತ್ತು ಅತಿ ಹೆಚ್ಚು ಇರುವ ದಿನ ನೋಡಿ ನಿರ್ಧರಿಸಬೇಕು ಎಂಬುದು ಅಂದಿನಿಂದ ನಾನು ಕೇಳಿದವರಿಗೆಲ್ಲ ಹೇಳುತ್ತ ಬಂದಿರುವ ಮಾತು. ಕೃಷ್ಣರಾಜಸಾಗರದ ಗರಿಷ್ಠ ಮಟ್ಟ 124.80 ಅಡಿ, ಸಂಗ್ರಹ 49.45 ಟಿಎಂಸಿ. ಇದು ಕುಡಿಯುವ ನೀರಿಗೂ ನೀರಾವರಿಗೂ ಕಟ್ಟಿದ ಜಲಾಶಯವೇ ಹೊರತು ಸದಾ ಒಂದೇ ಮಟ್ಟದಲ್ಲಿ ನಿಲ್ಲುವ ಸರೋವರವಲ್ಲ. ನಾಲೆಗಳಿಗೆ ನೀರು ಹರಿಸಿ ಬೇಸಿಗೆ ಮುಗಿಯುವ ಹೊತ್ತಿಗೆ ಮಟ್ಟವು 90 ಅಡಿಯ ಆಸುಪಾಸಿಗೆ ಇಳಿಯುವ ವರ್ಷಗಳಿವೆ. ಕಟ್ಟೆಯ ಬಳಿ ಮೂವತ್ತು ಅಡಿ ಇಳಿದರೆ ಅದು ಇಳಿಕೆಯಷ್ಟೇ. ಆದರೆ ಹೇಮಾವತಿ, ಲಕ್ಷ್ಮಣತೀರ್ಥಗಳು ಬಂದು ಸೇರುವ ಹಿನ್ನೀರಿನ ಬಾಲದ ಕಡೆ ನೆಲ ಬಹಳ ನಿಧಾನವಾಗಿ ಇಳಿಜಾರಾಗುವುದರಿಂದ, ಅದೇ ಮೂವತ್ತು ಅಡಿ ಅಲ್ಲಿ ನೀರನ್ನು ಕಣ್ಣಿಗೆ ಕಾಣದಷ್ಟು ದೂರ ಒಯ್ಯುತ್ತದೆ. ಆದ್ದರಿಂದ ಜಾಗದ ಮುಂದಿನ ದಡ ಕಡಿದಾಗಿದೆಯೇ, ಚಪ್ಪಟೆಯಾಗಿದೆಯೇ ಎಂಬುದನ್ನು ಬೇಸಿಗೆಯಲ್ಲಿ ನಡೆದೇ ನೋಡಬೇಕು. ದಡ ಕಡಿದಾಗಿದ್ದರೆ ನೀರು ಹತ್ತಿರವೇ ಉಳಿಯುತ್ತದೆ, ಆದರೆ ವಯಸ್ಸಾದವರಿಗೆ ಇಳಿಯುವುದು ಕಷ್ಟ. ಚಪ್ಪಟೆಯಾಗಿದ್ದರೆ ಇಳಿಯುವುದು ಸುಲಭ, ಆದರೆ ನೀರೇ ಇರುವುದಿಲ್ಲ. ಎರಡರ ನಡುವಿನ ಜಾಗಗಳು ಕಡಿಮೆ, ಅವುಗಳ ಬೆಲೆಯೂ ಹೆಚ್ಚು.

ಮಳೆಗಾಲದ ಭೇಟಿ ಇನ್ನೂ ಮುಖ್ಯ. ಹಿನ್ನೀರಿನ ದಡದಲ್ಲಿ ಗರಿಷ್ಠ ಮಟ್ಟ ಎಲ್ಲಿಗೆ ಬರುತ್ತದೆಂಬುದು ನಿಶ್ಚಿತ; ಕಟ್ಟೆಯ ಕೆಳಗೆ, ಅಂದರೆ ಶ್ರೀರಂಗಪಟ್ಟಣದ ಕಡೆಯ ನದಿದಡದಲ್ಲಿ, ಅದು ನಿಶ್ಚಿತವಲ್ಲ. ಒಂದು ಲಕ್ಷ ಕ್ಯುಸೆಕ್‌ಗೂ ಮೀರಿ ನೀರು ಬಿಟ್ಟಾಗ ಅಲ್ಲಿನ ತಗ್ಗು ಪ್ರದೇಶಗಳು ಮುಳುಗುತ್ತವೆ. 2018 ಮತ್ತು 2019ರಲ್ಲಿ ಕಬಿನಿಯಿಂದಲೂ ಭಾರಿ ನೀರು ಬಂದಾಗ ನಂಜನಗೂಡಿನ ಕಪಿಲಾ (ಕಬಿನಿಯ ಇನ್ನೊಂದು ಹೆಸರು) ತೀರ ಮುಳುಗಿ, ಮೈಸೂರು–ಊಟಿ ರಸ್ತೆಯ ಸಂಚಾರವೇ ನಿಂತಿತ್ತು. ಶ್ರೀರಂಗಪಟ್ಟಣದ ಹತ್ತಿರದ ಒಂದು ತೋಟದ ಮನೆ ನೋಡಲು ಹೋದಾಗ, ಹೊಸದಾಗಿ ಸುಣ್ಣ ಬಳಿದ ಗೋಡೆಯನ್ನು ತೋರಿಸಿದ ಪಕ್ಕದ ಜಮೀನಿನ ಹಿರಿಯರು, "ಸುಣ್ಣ ನೋಡ್ಬೇಡಿ ಸಾಮಿ, ಹಿಂದ್ಗಡೆ ದನದ ಕೊಟ್ಟಿಗೆ ಗೋಡೆ ನೋಡಿ, ಅಲ್ಲಿಗಂಟ ಬಂದಿತ್ತು" ಎಂದರು. ಕೊಟ್ಟಿಗೆಯ ಗೋಡೆಯ ಮೇಲೆ ನನ್ನ ಎದೆಯ ಎತ್ತರಕ್ಕೆ ಮಣ್ಣುಬಣ್ಣದ ಒಂದು ಗೆರೆ ನೇರವಾಗಿ ಎಳೆದಂತಿತ್ತು. ಮನೆಯ ಗೋಡೆಗೆ ಸುಣ್ಣ ಬಳಿಯುತ್ತಾರೆ, ಕೊಟ್ಟಿಗೆಗೆ, ಪಂಪ್‌ಸೆಟ್ ಕೋಣೆಗೆ, ತೆಂಗಿನ ಮರದ ಬುಡಕ್ಕೆ ಯಾರೂ ಬಳಿಯುವುದಿಲ್ಲ. ಪ್ರವಾಹದ ಗುರುತನ್ನು ಅಲ್ಲಿಯೇ ಹುಡುಕಬೇಕು. ಆ ಗೆರೆಗಿಂತ ಮನೆಯ ನೆಲ ಮೇಲಿಲ್ಲದಿದ್ದರೆ, ಎಷ್ಟೇ ಚಂದದ ಮನೆಯಾದರೂ ಅದನ್ನು ಬಿಟ್ಟುಬಿಡುವುದೇ ಒಳ್ಳೆಯದು.

ದೋಣಿಯ ವಿಷಯದಲ್ಲಿ ನಮ್ಮ ಕಡೆಯವರಿಗೆ ಒಂದು ತಪ್ಪು ತಿಳಿವಳಿಕೆಯಿದೆ. ಮನೆಯ ಹಿಂದೆ ನೀರಿದ್ದರೆ ದೋಣಿಯನ್ನೂ ಅಲ್ಲಿಂದಲೇ ಇಳಿಸಬಹುದು ಎಂದು ಅನೇಕರು ತಿಳಿಯುತ್ತಾರೆ. ಜಲಾಶಯದ ನೀರೂ ಗರಿಷ್ಠ ಮಟ್ಟದ ಒಳಗಿನ ನೆಲವೂ ನಿಮ್ಮವಲ್ಲ. ನೀರಾವರಿ ನಿಗಮದ ಅನುಮತಿಯಿಲ್ಲದೆ ಅಲ್ಲಿ ದೋಣಿ ಇಳಿಸುವುದಾಗಲಿ ಕಟ್ಟೆ ಕಟ್ಟುವುದಾಗಲಿ ಸಲ್ಲದು. ಅಣೆಕಟ್ಟೆಯ ಹತ್ತಿರದ ನೀರಂತೂ ಭದ್ರತೆಯ ಕಾರಣದಿಂದ ಸಂಪೂರ್ಣ ನಿಷಿದ್ಧ. ಎಂಜಿನ್ ಇರುವ ದೋಣಿಗೆ 2021ರ ಒಳನಾಡು ಹಡಗುಗಳ ಕಾಯ್ದೆಯ ಪ್ರಕಾರ ನೋಂದಣಿ ಮತ್ತು ತಪಾಸಣೆಯ ಪ್ರಮಾಣಪತ್ರ ಬೇಕು. ಹೀಗಾಗಿ ಇಲ್ಲಿ ದೋಣಿವಿಹಾರದ ಅನುಕೂಲ ಎಂದರೆ ಸ್ವಂತ ದೋಣಿಯ ಅನುಕೂಲವೆಂದು ತಿಳಿಯದೆ, ಪರವಾನಗಿಯಿರುವ ದೋಣಿ ಸಿಗುವ ಜಾಗಕ್ಕೆ ಮನೆಯಿಂದ ಎಷ್ಟು ಹೊತ್ತಿನ ದಾರಿ ಎಂದು ತಿಳಿಯುವುದು ಸರಿ. ಬೃಂದಾವನದ ದೋಣಿವಿಹಾರ, ರಂಗನತಿಟ್ಟಿನಲ್ಲಿ ಅರಣ್ಯ ಇಲಾಖೆಯ ಹುಟ್ಟುದೋಣಿ, ನಗರದೊಳಗಿನ ಕಾರಂಜಿ ಕೆರೆ, ತಿ. ನರಸೀಪುರ ರಸ್ತೆಯ ವರುಣಾ ಕೆರೆಯ ಜಲಕ್ರೀಡೆ — ಇವು ಮೈಸೂರಿನ ಸುತ್ತಲಿನವರಿಗೆ ಸಿಗುವ ಜಾಗಗಳು. ಇವುಗಳಲ್ಲಿಯೂ ರಂಗನತಿಟ್ಟಿನದು ನದಿಯ ಹರಿವನ್ನು ಅವಲಂಬಿಸಿದೆ. ಕಟ್ಟೆಯಿಂದ ಹೆಚ್ಚು ನೀರು ಬಿಟ್ಟ ದಿನಗಳಲ್ಲಿ ಅಲ್ಲಿ ದೋಣಿ ಇಳಿಸುವುದಿಲ್ಲ. ಪ್ರತಿದಿನವಲ್ಲ, ವಾರಕ್ಕೊಮ್ಮೆ ನೀರಿಗಿಳಿದರೆ ಸಾಕೆನ್ನುವವರಿಗೆ ಈ ಜಾಗಗಳಿಂದ ಇಪ್ಪತ್ತು ನಿಮಿಷದ ದೂರದ, ಎತ್ತರದ ನೆಲದ ಮನೆಯೇ ದಡದ ಮನೆಗಿಂತ ಹೆಚ್ಚು ಸುಖ ಕೊಡುತ್ತದೆ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಇಲ್ಲಿ ಮಂಡಿಯ ಮಾತನ್ನೂ ಹೇಳಬೇಕು. ತೆಪ್ಪಕ್ಕೆ, ಅಂದರೆ ಬುಟ್ಟಿಯಂಥ ದುಂಡು ದೋಣಿಗೆ, ಹತ್ತುವುದೆಂದರೆ ಮೊಣಕಾಲೆತ್ತರದ ಅಂಚನ್ನು ದಾಟಿ, ಅಲ್ಲಾಡುವ ತಳದ ಮೇಲೆ ಒಂದು ಕಾಲಿಟ್ಟು, ಇನ್ನೊಂದನ್ನು ಎತ್ತಿಕೊಳ್ಳುವುದು. ಭಾವನವರ ಹೆಂಡತಿ, ನಮ್ಮ ಅಕ್ಕ, ಮೊದಲ ಸಲ ಹತ್ತುವಾಗ ಅಂಬಿಗ ಹುಟ್ಟನ್ನು ಮಣ್ಣಿಗೆ ಊರಿ ತೆಪ್ಪವನ್ನು ಅಲುಗದಂತೆ ಹಿಡಿದು, "ನಡುಮಧ್ಯಕ್ಕೆ ಕಾಲಿಡಿ ಅಮ್ಮ, ಅಂಚು ಹಿಡೀಬ್ಯಾಡಿ, ನನ್ನ ಹೆಗಲು ಹಿಡೀರಿ" ಎಂದ. ಹಾಗೆ ಮಾಡಿದ್ದರಿಂದಲೇ ಅವರು ಬೀಳಲಿಲ್ಲ. ಆದ್ದರಿಂದ ಜಾಗ ನೋಡಲು ಹೋದಾಗ ದೋಣಿಕಟ್ಟೆಯ ಬಳಿ ಹತ್ತಿ ಇಳಿದು ನೋಡಬೇಕು. ಕೈಹಿಡಿಯಿದೆಯೇ, ಮೆಟ್ಟಿಲುಗಳ ಮೇಲೆ ಪಾಚಿಯಿದೆಯೇ, ನೀರು ಇಳಿದಾಗ ಕೊನೆಯ ಮೆಟ್ಟಿಲಿಗೂ ದೋಣಿಗೂ ನಡುವೆ ಎಷ್ಟು ಅಂತರ ಬೀಳುತ್ತದೆ, ಎಲ್ಲರಿಗೂ ಲೈಫ್ ಜಾಕೆಟ್ ಕೊಡುತ್ತಾರೆಯೇ ಎಂಬುದನ್ನು ಗಮನಿಸಬೇಕು. ಬಲಮುರಿ, ಎಡಮುರಿಗಳಲ್ಲಿ ನೀರು ಮೇಲೆ ಶಾಂತವಾಗಿ ಕಂಡರೂ ಅಲ್ಲಿನ ಒಡ್ಡಿನ ಕೆಳಗೆ ಸುಳಿಯಿದ್ದು ಅನೇಕರು ಪ್ರಾಣ ಕಳೆದುಕೊಂಡಿದ್ದಾರೆ. ಅಂಥ ಕಡೆ ನಿವೃತ್ತರು ನೀರಿಗಿಳಿಯುವ ಆಲೋಚನೆಯನ್ನೇ ಮಾಡಬಾರದು.

ಗಾಳಿಯ ದಿಕ್ಕನ್ನು ಕೊಳ್ಳುವವರು ಯೋಚಿಸುವುದೇ ಇಲ್ಲ. ಆಷಾಢದ ಗಾಳಿ ನೈಋತ್ಯದಿಂದ ಬೀಸುತ್ತದೆ; ವಿಶಾಲವಾದ ಹಿನ್ನೀರಿನ ಮೇಲೆ ಅಡೆತಡೆಯಿಲ್ಲದೆ ಬಂದು ಉತ್ತರ ಮತ್ತು ಪೂರ್ವದ ದಡಗಳಿಗೆ ಅಲೆಯನ್ನು ಅಪ್ಪಳಿಸುತ್ತದೆ. ದಕ್ಷಿಣದ ದಡದಲ್ಲಿ, ಅಂದರೆ ಮೈಸೂರಿನ ಕಡೆಯ ಹಳ್ಳಿಗಳಲ್ಲಿ, ಅಲೆಯ ಹೊಡೆತ ಕಡಿಮೆ. ಅಲ್ಲಿಂದ ನೀರು ಉತ್ತರಕ್ಕೆ ಕಾಣುವುದರಿಂದ ಜಗುಲಿಯಲ್ಲಿ ಕೂತವರ ಕಣ್ಣಿಗೆ ಸಂಜೆಯ ಬಿಸಿಲು ನೇರವಾಗಿ ಕುಕ್ಕುವುದಿಲ್ಲ. ಮೈಸೂರು–ಹಾಸನ ರೈಲು ಮಾರ್ಗ ಹಾದುಹೋಗುವ ಸಾಗರಕಟ್ಟೆಯ ಕಡೆಯ ನೆಲ ನನಗೆ ಹಿಡಿಸಿದ್ದು ಈ ಕಾರಣಗಳಿಂದ.

ನಾಲೆಯ ದಂಡೆಯ ಮನೆಗಳನ್ನೂ ನೀರಂಚಿನ ಮನೆಗಳೆಂದು ತೋರಿಸುವವರಿದ್ದಾರೆ. ವಿಶ್ವೇಶ್ವರಯ್ಯ ನಾಲೆಯಲ್ಲಿ ನೀರು ಕಟ್ಟು ಪದ್ಧತಿಯಲ್ಲಿ ಬರುತ್ತದೆ, ನಿಲ್ಲುತ್ತದೆ. ಅಲ್ಲಿ ದೋಣಿಯ ಪ್ರಶ್ನೆಯೇ ಇಲ್ಲ. ಅದಕ್ಕಿಂತ ಮುಖ್ಯವಾದುದು ದಂಡೆಯ ರಸ್ತೆ. 2018ರ ನವೆಂಬರ್‌ನಲ್ಲಿ ಪಾಂಡವಪುರ ತಾಲ್ಲೂಕಿನ ಕನಗನಮರಡಿಯ ಬಳಿ ಬಸ್ಸೊಂದು ನಾಲೆಗೆ ಉರುಳಿ 30 ಜನ ಸತ್ತರು. ಆ ನಂತರವೂ ಈ ನಾಲೆಗೆ ಕಾರುಗಳು ಬಿದ್ದಿವೆ. ಸಂಜೆ ಕಣ್ಣು ಮಂದವಾಗುವ ವಯಸ್ಸಿನಲ್ಲಿ, ತಡೆಗೋಡೆಯಿಲ್ಲದ ನಾಲೆಯ ರಸ್ತೆಯೇ ಮನೆಗೆ ಇರುವ ಏಕೈಕ ದಾರಿಯಾಗಿದ್ದರೆ ಆ ಮನೆಯನ್ನು ಕೊಳ್ಳಬೇಡಿ.

ಇನ್ನು ಕಾಗದಪತ್ರ. ಪಹಣಿ, ಮ್ಯುಟೇಷನ್, ಋಣಭಾರ ಪತ್ರ, ಭೂಪರಿವರ್ತನೆಯ ಆದೇಶ, ಇ-ಸ್ವತ್ತಿನ ನಮೂನೆಗಳು ಇವೆಲ್ಲ ಯಾವ ಆಸ್ತಿಗೂ ಬೇಕಾದವು, ವಕೀಲರು ನೋಡುತ್ತಾರೆ. ನೀರಂಚಿನ ಜಾಗಕ್ಕೆ ಇವುಗಳ ಜೊತೆಗೆ ಗ್ರಾಮನಕ್ಷೆಯನ್ನು ಕೊಳ್ಳುವವರೇ ಬಿಡಿಸಿಟ್ಟುಕೊಂಡು ನೋಡಬೇಕು. ಮುಳುಗಡೆಗೆಂದು ಸ್ವಾಧೀನಪಡಿಸಿಕೊಂಡ ಜಮೀನು, ಕೆರೆಯಂಗಳ, ಹಳ್ಳ, ಬಿ ಖರಾಬು (ಸಾರ್ವಜನಿಕ ಬಳಕೆಗೆ ಬಿಟ್ಟ ಸರ್ಕಾರಿ ನೆಲ) ಇವು ಬೇಲಿಯೊಳಗೆ ಸೇರಿಕೊಂಡಿರುವುದು ನೀರಿನ ಬದಿಯಲ್ಲಿಯೇ ಹೆಚ್ಚು, ಏಕೆಂದರೆ ನೀರು ಇಳಿದಾಗ ಬೇಲಿ ಮುಂದಕ್ಕೆ ಸರಿಯುತ್ತದೆ ಮತ್ತು ಯಾರೂ ಕೇಳುವುದಿಲ್ಲ. ಸರ್ಕಾರದ ದಿಶಾಂಕ್ ಆ್ಯಪ್ ತೆರೆದು ಬೇಲಿಯ ಮೂಲೆಯಲ್ಲಿ ನಿಂತರೆ ನೀವು ನಿಂತಿರುವ ಸರ್ವೆ ನಂಬರ್ ತೋರಿಸುತ್ತದೆ; ಇದು ಮೊದಲ ಅಂದಾಜಿಗೆ ಸಾಕು, ನಂಬಿ ಹಣ ಕೊಡಲು ಸಾಲದು, ಅದಕ್ಕೆ ಭೂಮಾಪಕರಿಂದ ಹದ್ದುಬಸ್ತು, ಅಂದರೆ ಗಡಿಯ ಅಳತೆ, ಮಾಡಿಸಲೇಬೇಕು. ಶ್ರೀರಂಗಪಟ್ಟಣದ ದ್ವೀಪದ ಮೇಲಿನ ಹಳೆಯ ಮನೆ ಕೊಳ್ಳುವವರು ಇನ್ನೊಂದನ್ನು ನೆನಪಿಡಬೇಕು: ಕೇಂದ್ರ ಪುರಾತತ್ತ್ವ ಇಲಾಖೆಯ ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ಒಳಗೆ ಹೊಸ ಕಟ್ಟಡ ನಿಷಿದ್ಧ, ಅದರಾಚೆಗಿನ 200 ಮೀಟರ್‌ನಲ್ಲಿ ಅನುಮತಿ ಬೇಕು. ಊರಿನ ತುಂಬ ಸ್ಮಾರಕಗಳಿರುವಾಗ ಒಂದು ಸ್ನಾನದ ಕೋಣೆ ಸೇರಿಸುವುದಕ್ಕೂ ಅರ್ಜಿ ಹಿಡಿದು ಓಡಾಡಬೇಕಾಗಬಹುದು. ಕಬಿನಿಯ ಹಿನ್ನೀರಿನ ಕಡೆ ನಾಗರಹೊಳೆ, ಬಂಡೀಪುರಗಳ ಕಾಡು ನೀರಿಗೇ ತಾಗಿಕೊಂಡಿದೆ. ನೋಟ ಅದ್ಭುತ, ಆದರೆ ಆನೆ ಓಡಾಡುವ ದಾರಿ, ಪರಿಸರ ಸೂಕ್ಷ್ಮ ವಲಯದ ನಿರ್ಬಂಧ, ಮೈಸೂರಿನ ಆಸ್ಪತ್ರೆಗಿರುವ ದೂರ ಇವನ್ನು ಒಟ್ಟಿಗೆ ಇಟ್ಟು ನೋಡಿದಾಗ ಎಪ್ಪತ್ತರ ಹತ್ತಿರದವರಿಗೆ ಆ ಜಾಗವನ್ನು ಸೂಚಿಸಲು ನನಗೆ ಮನಸ್ಸು ಬರುವುದಿಲ್ಲ.

ಆಸ್ಪತ್ರೆಯ ದೂರವನ್ನು ನಕ್ಷೆಯಲ್ಲಿ ಅಳೆಯದೆ, ರಾತ್ರಿ ಹತ್ತು ಗಂಟೆಗೆ ಗಾಡಿ ಓಡಿಸಿಯೇ ಅಳೆಯಬೇಕು. ಹೃದಯದ ತೊಂದರೆಗೆ ಹೆಸರಾದ ಜಯದೇವ ಆಸ್ಪತ್ರೆಯ ಮೈಸೂರು ಶಾಖೆ ಕೆಆರ್‌ಎಸ್ ರಸ್ತೆಯಲ್ಲಿಯೇ ಇರುವುದು ಹಿನ್ನೀರಿನ ದಕ್ಷಿಣ ದಡದವರಿಗೆ ದೊಡ್ಡ ಅನುಕೂಲ. ಮಂಡ್ಯದ ಕಡೆಯವರಿಗೆ ಅಲ್ಲಿನ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಮಿಮ್ಸ್ ಇದೆ. ಹಳ್ಳಿಯ ಹೊರಗಿನ ತೋಟದ ಮನೆಯಾದರೆ ವಿದ್ಯುತ್ ಕಂಬ ಯಾವ ಫೀಡರ್‌ಗೆ ಸೇರಿದ್ದೆಂದು ಲೈನ್‌ಮನ್‌ನನ್ನು ಕೇಳಿ. ದಿನವಿಡೀ ವಿದ್ಯುತ್ ಕೊಡಲೆಂದು ಹಾಕಿದ ನಿರಂತರ ಜ್ಯೋತಿಯ ಲೈನು ಊರಿನ ಮನೆಗಳಿಗೆ ಬರುತ್ತದೆ. ಪಂಪ್‌ಸೆಟ್ ಲೈನಿನಲ್ಲಿರುವ ಮನೆಗೆ ದಿನದ ಕೆಲವೇ ಗಂಟೆ ಪೂರ್ಣ ವಿದ್ಯುತ್. ರಾತ್ರಿ ಆಕ್ಸಿಜನ್ ಯಂತ್ರ ಬೇಕಾಗುವ ದಿನ ಬಂದರೆ ಈ ವ್ಯತ್ಯಾಸವೇ ಜೀವನ್ಮರಣದ ವ್ಯತ್ಯಾಸವಾಗುತ್ತದೆ. ನೀರಿನ ಹತ್ತಿರದ ನೆಲದಲ್ಲಿ ಅಂತರ್ಜಲ ಮೇಲೆ ಬರುವುದರಿಂದ ಶೌಚಗುಂಡಿ ಮಳೆಗಾಲದಲ್ಲಿ ಉಕ್ಕುತ್ತದೆಯೇ ಎಂದು ಕೇಳಿ. ಗದ್ದೆಯ ಸೊಳ್ಳೆಗೆ ಎಲ್ಲ ಕಿಟಕಿಗೂ ಜಾಲರಿ ಹಾಕಿಸಿ. ಕಬ್ಬಿನ ಗದ್ದೆಯ ಪಕ್ಕದಲ್ಲಿದ್ದರೆ ಚಿರತೆಯ ಮಾತನ್ನು ಹಗುರವಾಗಿ ತೆಗೆದುಕೊಳ್ಳಬೇಡಿ; 2022ರಲ್ಲಿ ಬೃಂದಾವನ ಉದ್ಯಾನವನ್ನೇ ಚಿರತೆಯ ಕಾರಣಕ್ಕೆ ಮುಚ್ಚಿದ್ದರು.

ದಂಪತಿಗಳಲ್ಲಿ ಒಬ್ಬರು ಮೊದಲು ಹೋಗುತ್ತಾರೆ. ಉಳಿದವರು ಆ ಮನೆಯಲ್ಲಿ ಒಬ್ಬರೇ ಇರಬಲ್ಲರೇ ಎಂದು ಕೇಳಿಕೊಳ್ಳದೆ ನೀರಂಚಿನ ಮನೆ ಕೊಳ್ಳಬಾರದು. ಕೂಗಿದರೆ ಕೇಳುವಷ್ಟು ಹತ್ತಿರ ಇನ್ನೊಂದು ಮನೆಯ ದೀಪ ಕಾಣಬೇಕು, ಹಾಲಿನ ಡೈರಿಗೆ ನಡೆದು ಹೋಗುವಂತಿರಬೇಕು, ಬಸ್ಸು ಬರುವ ರಸ್ತೆ ಇರಬೇಕು. ನಮ್ಮ ಅಕ್ಕ ಇದನ್ನು ಮೊದಲ ದಿನವೇ ಹೇಳಿದ್ದರು. ನಾವು ಗಂಡಸರು ದೋಣಿಯ ಮಾತಿನಲ್ಲಿ ಅದನ್ನು ಸರಿಯಾಗಿ ಕೇಳಿಸಿಕೊಂಡಿರಲಿಲ್ಲ.

ಕೊನೆಗೆ ಭಾವನವರು ಮಾಡಿದ್ದು, ಹಿನ್ನೀರಿನಿಂದ ಒಂದು ಕಿಲೋಮೀಟರ್ ಒಳಗೆ, ಊರಿನ ಅಂಚಿನ ಎತ್ತರದ ನೆಲದಲ್ಲಿ ಒಂದು ಮನೆಯನ್ನು ಮೊದಲು ಒಂದು ವರ್ಷಕ್ಕೆ ಬಾಡಿಗೆಗೆ ಹಿಡಿದದ್ದು. ಯುಗಾದಿಯಿಂದ ಯುಗಾದಿಯವರೆಗೆ ಅಲ್ಲಿದ್ದು, ಬೇಸಿಗೆಯ ಧೂಳು, ಆಷಾಢದ ಗಾಳಿ, ಕಟ್ಟೆ ತುಂಬುವ ದಿನ, ಕಾರ್ತಿಕದ ಮಂಜು ಎಲ್ಲವನ್ನೂ ಕಂಡ ಮೇಲೆ ಅದೇ ಬೀದಿಯಲ್ಲಿ ಮನೆ ಕೊಂಡರು. ಕರಾರುಪತ್ರದಲ್ಲಿ ಹದ್ದುಬಸ್ತಿನ ಅಳತೆ ಮುಗಿದು ನಕ್ಷೆ ಕೈಗೆ ಬಂದ ಮೇಲೆಯೇ ಉಳಿದ ಹಣ ಎಂಬ ಸಾಲನ್ನು ವಕೀಲರಿಂದ ಸೇರಿಸಿದ್ದರು. ಅಳತೆಯಲ್ಲಿ ಹಿತ್ತಲಿನ ಎರಡೂವರೆ ಗುಂಟೆ ಖರಾಬೆಂದು ತಿಳಿದಾಗ ಅಷ್ಟಕ್ಕೆ ಬೆಲೆ ಇಳಿಸಿ, ಬೇಲಿಯನ್ನು ಒಳಕ್ಕೆ ಹಾಕಿಸಿ, ಆ ನಂತರ ನೋಂದಣಿ ಮಾಡಿಸಿಕೊಂಡರು.