ಪಾರ್ಸೆಲ್ ಚಾಲಕರ ದಿನದ ಹೊರೆ ಎಲ್ಲಿ ಹೆಚ್ಚುತ್ತದೆ, ಎಲ್ಲಿ ತಗ್ಗುತ್ತದೆ

ಪಾರ್ಸೆಲ್ ತಲುಪಿಸುವವರ ದಿನ ಎಷ್ಟು ಭಾರವೆಂಬುದನ್ನು ವ್ಯಾನಿನಲ್ಲಿರುವ ಪೆಟ್ಟಿಗೆಗಳ ಲೆಕ್ಕವೊಂದೇ ತೀರ್ಮಾನಿಸುವುದಿಲ್ಲ. ದಿನಕ್ಕೆ 120 ಮನೆಗಳಿದ್ದು, ಪ್ರತಿ ಮನೆಯ ಮುಂದೆಯೂ ಪೆಟ್ಟಿಗೆ ಹುಡುಕಲು 30 ಸೆಕೆಂಡು ವ್ಯರ್ಥವಾದರೆ ಸಂಜೆಯ ಹೊತ್ತಿಗೆ ಒಂದು ಗಂಟೆ ಕಳೆದುಹೋಗಿರುತ್ತದೆ. ಮನೆಗಳು ಒತ್ತೊತ್ತಾಗಿರುವ ಬೀದಿಗಳಲ್ಲಿ ವೇಗವಾಗಿ ಓಡಿಸಿ ಆ ಗಂಟೆಯನ್ನು ಮರಳಿ ಗಳಿಸಲು ಸಾಧ್ಯವಿಲ್ಲ.

ಆದ್ದರಿಂದ ಮೊದಲು ಬೆಳಗಿನ ಲೋಡಿಂಗ್ ಅನ್ನು ಸರಿಪಡಿಸಿಕೊಳ್ಳಬೇಕು. ಕೊನೆಗೆ ಇಳಿಸುವ ಪೆಟ್ಟಿಗೆಗಳನ್ನು ಮೊದಲು ತುಂಬಿ, ಭಾರವಾದವನ್ನು ಕೆಳಗಿಟ್ಟು, ಪ್ರತಿಯೊಂದರ ಮೇಲೂ ಬಾಗಿಲ ಕಡೆಗೆ ಕಾಣುವ ಮಗ್ಗುಲಲ್ಲಿ ಸರದಿಯ ಸಂಖ್ಯೆಯನ್ನು ದಪ್ಪ ಮಾರ್ಕರ್‌ನಿಂದ ಬರೆಯಿರಿ. ಹುಡುಕಾಟದಲ್ಲಿ ಹೆಚ್ಚು ಕಾಡುವುದು ದೊಡ್ಡ ಪೆಟ್ಟಿಗೆಯಲ್ಲ, ಎರಡು ಪೆಟ್ಟಿಗೆಗಳ ಸಂದಿಗೆ ಜಾರಿದ ತೆಳ್ಳನೆಯ ಲಕೋಟೆ. ಅಂಥವನ್ನು ಪ್ರತ್ಯೇಕ ಟ್ರೇಯಲ್ಲಿ ಸರದಿಯಂತೆ ನಿಲ್ಲಿಸಿಡಿ. ಒಂದು ಮನೆಯಿಂದ ವ್ಯಾನಿಗೆ ಮರಳಿದೊಡನೆ, ಗಾಡಿ ಚಾಲೂ ಮಾಡುವ ಮುನ್ನವೇ ಮುಂದಿನ ಪಾರ್ಸೆಲನ್ನು ಕೈಗೆ ಸಿಗುವಂತೆ ತೆಗೆದಿಡುವ ಅಭ್ಯಾಸವೂ ಒಳ್ಳೆಯದು.

ಕೇವಲ 10 ಮನೆಗಳನ್ನು ಸುತ್ತುವುದಕ್ಕೂ 36,28,800 ಸರದಿಗಳು ಸಾಧ್ಯವಿರುವುದರಿಂದ, ದಾರಿಯನ್ನು ಆ್ಯಪ್‌ಗೆ ಬಿಡುವುದೇ ಸಾಮಾನ್ಯವಾಗಿ ಲೇಸು. ಆದರೆ ಶಾಲೆ ಬಿಡುವ ಹೊತ್ತಿನ ನೂಕುನುಗ್ಗಲು, ಮಧ್ಯಾಹ್ನ ಬೀಗ ಹಾಕುವ ಹಿಂದಿನ ಗೇಟು ಮುಂತಾದವು ನಿಮಗೆ ಗೊತ್ತಿದ್ದರೂ ಆ್ಯಪ್‌ಗೆ ಗೊತ್ತಿರಬೇಕೆಂದಿಲ್ಲ. ಅಂಥ ಕಡೆ ಮಾತ್ರ ಸರದಿಯನ್ನು ಬದಲಿಸಿಕೊಳ್ಳಿ.

ಬಿಡುವಿನ ವಿಷಯದಲ್ಲಿ ಬಹಳ ಮಂದಿ ತಮಗೆ ತಾವೇ ಹೊರೆ ಹೇರಿಕೊಳ್ಳುತ್ತಾರೆ. ಹಿಂದಿನ ದಾಖಲೆಗಳನ್ನು ನೋಡಿ ಮುಂದಿನ ದಿನದ ಕೆಲಸವನ್ನು ನಿಗದಿಪಡಿಸುವ ಕಡೆ, ಊಟ ಬಿಟ್ಟು, ಮೆಟ್ಟಿಲುಗಳನ್ನು ಓಡಿ ಹತ್ತಿ, ಹಾಜರಿ ಹಾಕುವ ಮೊದಲೇ ಪೆಟ್ಟಿಗೆಗಳನ್ನು ವಿಂಗಡಿಸಿ ಬೇಗ ಮುಗಿಸಿದವರ ದಾರಿ ದಾಖಲೆಯಲ್ಲಿ ಹಗುರವಾಗಿ ಕಾಣುತ್ತದೆ, ಕೆಲವೇ ದಿನಗಳಲ್ಲಿ ಅದಕ್ಕೆ ಇನ್ನಷ್ಟು ಮನೆಗಳು ಸೇರುತ್ತವೆ. ಚುರುಕಾಗಿ ದುಡಿದವರಿಗೆ ಸಿಗುವ ಬಹುಮಾನ ಇದೇ ಎನ್ನುವುದು ವಿಷಾದದ ಸಂಗತಿ. ಹಾಗಾಗಿ ಹಾಜರಿ ಹಾಕಿಯೇ ಪೆಟ್ಟಿಗೆ ಮುಟ್ಟಿ, ಬಿಡುವನ್ನು ಬಿಡುವೆಂದೇ ನಮೂದಿಸಿ; ಗೇಟಿನ ಬಳಿಯೋ ಲಿಫ್ಟಿಗಾಗಿಯೋ ಕಾದ ಸಮಯವನ್ನು ದಾಖಲಿಸಲು ಅವಕಾಶವಿದ್ದರೆ ಅದನ್ನೂ ಬಿಡದೆ ದಾಖಲಿಸಿ. ಪಾರ್ಸೆಲ್ ಒಂದಕ್ಕೆ ಇಷ್ಟೆಂದು ಕೂಲಿ ಪಡೆಯುವವರ ಲೆಕ್ಕಾಚಾರ ಬೇರೆಯಾದರೂ, ಊಟವಿಲ್ಲದೆ ದಣಿದ ಮೈ ಎಡವುವುದರಲ್ಲಿ ವ್ಯತ್ಯಾಸವಿಲ್ಲ.

ತಲುಪದೆ ಮರಳಿದ ಪಾರ್ಸೆಲನ್ನು ಮತ್ತೆ ವಿಂಗಡಿಸಿ, ಮತ್ತೆ ತುಂಬಿ, ಮತ್ತೆ ಹೊತ್ತು ಸಾಗಿಸಬೇಕಾಗುತ್ತದೆ. ಮನೆಯವರು ಸಿಗುವುದು ಅನುಮಾನವೆನಿಸಿದರೆ ಹಿಂದಿನ ಮನೆಯಲ್ಲಿರುವಾಗಲೇ ಅವರಿಗೆ ಕರೆ ಮಾಡಿ. ಮರಳಿಸಲೇಬೇಕಾದಾಗ ಕಾರಣವನ್ನು ಸರಿಯಾಗಿ ಆರಿಸಿ: ವಿಳಾಸವೇ ತಪ್ಪಿದ್ದರೂ ಅವಸರದಲ್ಲಿ 'ಮನೆಯಲ್ಲಿ ಯಾರೂ ಇಲ್ಲ' ಎಂದು ಒತ್ತಿಬಿಟ್ಟರೆ, ಮರುದಿನ ಅದೇ ಪೆಟ್ಟಿಗೆ ಅದೇ ತಪ್ಪು ವಿಳಾಸದೊಂದಿಗೆ ನಿಮ್ಮ ವ್ಯಾನಿಗೇ ಬಂದು ಕೂರುತ್ತದೆ.