ಸಣ್ಣ ಜಾತಿ ನಾಯಿಮರಿ ತಗೊಳ್ಳೋಕೆ ಹೋದಾಗ ಬ್ರೀಡರ್ ಮನೇಲಿ ಏನೇನು ನೋಡ್ಬೇಕು

ಹಾಸನದಲ್ಲಾಗ್ಲಿ ಚಿಕ್ಕಮಗಳೂರಲ್ಲಾಗ್ಲಿ ಶಿಟ್ಜು, ಪಗ್, ಪಾಮ್ (ಪಾಮರೇನಿಯನ್), ಡ್ಯಾಶ್‌ಹಂಡ್ ಅಂತ ಸಣ್ಣ ಜಾತಿ ಮರಿ ಹುಡುಕೋರು ಮೊದ್ಲು ಕೇಳೋದು ಮೂರೇ, ರೇಟ್ ಎಷ್ಟು, ಗಂಡಾ ಹೆಣ್ಣಾ, ಬಣ್ಣ ಯಾವ್ದು. ಮರಿ ಎಲ್ಲಿ ಮಲಗ್ತಿತ್ತು, ದಿನಕ್ಕೆ ಎಷ್ಟು ಜನ ಅದನ್ನ ಎತ್ಕೊಂಡ್ರು ಅಂತ ಕೇಳೋರು ತುಂಬಾ ಕಮ್ಮಿ. ಆಮೇಲೆ ವರ್ಷ ತುಂಬೋದ್ರೊಳಗೆ ಅದೇ ನಾಯಿ ನೆಂಟರ ಕಾಲಿಗೆ ಬಾಯಿ ಹಾಕತ್ತೆ, ಕುಕ್ಕರ್ ಕೂಗಿದ್ರೆ ಮಂಚದ ಕೆಳಗೆ ಸೇರ್ಕೊಳತ್ತೆ, ಗೇಟ್ ಹತ್ರ ಯಾರ್ ಬಂದ್ರೂ ಗಂಟಲು ಹರಿಯೋ ಹಂಗೆ ಬೊಗಳತ್ತೆ, ಮನೆಯೋರು ಸಣ್ಣ ನಾಯಿ ಅಲ್ವಾ ಹಂಗೇ ಬಿಡಿ ಅಂತಾರೆ. ಇದನ್ನೇ ಒಂದು ಜರ್ಮನ್ ಶೆಫರ್ಡ್ ಮಾಡಿದ್ರೆ ಊರೇ ಸೇರ್ತಿತ್ತು, ಸಣ್ಣದು ಅಂತ ಎಲ್ರೂ ನಗ್ತಾರೆ ಅಷ್ಟೆ.

ನಾಯಿಮರಿಗೆ ಸುಮಾರು ಮೂರನೇ ವಾರದಿಂದ ಹನ್ನೆರಡು ಹದಿನಾಲ್ಕನೇ ವಾರದವರೆಗೆ ಲೋಕ ಅಂದ್ರೆ ಏನು ಅಂತ ತಲೆಗೆ ಹೋಗೋ ಕಾಲ. ಆಗ ಕಂಡಿದ್ದು, ಕೇಳಿದ್ದು, ಮುಟ್ಟಿದ್ದು ಮಾಮೂಲಿ ಅನ್ಸತ್ತೆ, ಆಗ ಕಾಣದೇ ಇದ್ದಿದ್ದು ಆಮೇಲೆ ಹೆದರಿಕೆ ಹುಟ್ಸತ್ತೆ. 1961ರಲ್ಲಿ ಅಮೆರಿಕದ ಬಾರ್ ಹಾರ್ಬರ್ ಅನ್ನೋ ಊರಿನ ಲ್ಯಾಬಿನೋರು ಒಂದು ಪ್ರಯೋಗದ ರಿಸಲ್ಟ್ ಹಾಕಿದ್ರು, ಬೇಲಿ ಹಾಕಿದ ಬಯಲಲ್ಲಿ ಮರಿಗಳನ್ನ ಮನುಷ್ಯರ ಒಡನಾಟ ಇಲ್ದೆ ಬೆಳೆಸಿ ಒಂದೊಂದು ಗುಂಪನ್ನ ಒಂದೊಂದು ವಯಸ್ಸಿಗೆ ಒಳಗೆ ತಂದು ಜನರ ಜೊತೆ ಬಿಟ್ಟು ನೋಡಿದ್ದು. ಹದಿನಾಲ್ಕು ವಾರದವರೆಗೂ ಯಾರ ಜೊತೆಗೂ ಬಿಡದೇ ಇದ್ದ ಮರಿಗಳು ಕೊನೆವರೆಗೂ ಮನುಷ್ಯರಿಗೆ ಒಗ್ಗಲೇ ಇಲ್ಲ. ಈಗ ಲೆಕ್ಕ ಹಾಕಿ, ನಿಮ್ಮ ಕೈಗೆ ಮರಿ ಸಿಗೋದು ಎಂಟನೇ ವಾರಕ್ಕೆ, ಅಷ್ಟೊತ್ತಿಗೆ ಆ ಕಾಲದಲ್ಲಿ ಅರ್ಧ ಹತ್ರ ಬ್ರೀಡರ್ ಮನೇಲೇ ಕಳ್ದಿರತ್ತೆ. ನೀವು ದುಡ್ಡು ಕೊಡೋದು ಆ ಐದು ವಾರಕ್ಕೆ ಕಣ್ರೀ, ಬಣ್ಣಕ್ಕಲ್ಲ.

ಎಂಟನೇ ವಾರ ಅಂದೆ. ನಮ್ಮ ಕಡೆ ಎಳೇದ್ರಲ್ಲೇ ತಂದ್ರೆ ಬೇಗ ಹೊಂದ್ಕೊಳತ್ತೆ ಅಂತ ಒಂದು ನಂಬಿಕೆ ಇದೆ, ಮೂವತ್ತು ದಿನದ ಮರಿ ಕೈಗೆ ಕೊಟ್ಬಿಡ್ತಾರೆ, ನಾವೂ ಇಸ್ಕೊಂಡು ಬರ್ತೀವಿ. ದಯವಿಟ್ಟು ಬೇಡ. ಕಚ್ಚೋದ್ರಲ್ಲಿ ಎಷ್ಟು ಜೋರು ಎಷ್ಟು ಮೆಲ್ಲಗೆ ಅನ್ನೋದನ್ನ ಮರಿ ಕಲಿಯೋದು ಒಡಹುಟ್ಟಿದ ಮರಿಗಳ ಜೊತೆ ಗುದ್ದಾಡ್ತಾ, ಜೋರಾಗಿ ಕಚ್ಚಿದ್ರೆ ಇನ್ನೊಂದು ಕುಂಯ್ ಅಂತ ಆಟ ಬಿಟ್ಟು ಹೋಗತ್ತೆ, ತಾಯಿನೂ ಗುರ್ ಅಂತಾಳೆ. ಈ ಪಾಠ ನಿಮ್ಮ ಮನೆ ಸೋಫಾ ಮೇಲೆ ಆಗಲ್ಲ. ಕಾನೂನೂ ಇದನ್ನೇ ಹೇಳತ್ತೆ, ನಾಯಿ ಬ್ರೀಡಿಂಗ್ ಮತ್ತು ಮಾರಾಟದ ಬಗ್ಗೆ 2017ರಲ್ಲಿ ಕೇಂದ್ರ ಸರ್ಕಾರ ತಂದ ನಿಯಮದ ಪ್ರಕಾರ ಎಂಟು ವಾರ ತುಂಬದ ಮರಿ ಮಾರೋ ಹಂಗಿಲ್ಲ. ತಾಯಿಗೆ 18 ತಿಂಗಳು ತುಂಬಿರಬೇಕು, 8 ವರ್ಷ ದಾಟಿರಬಾರ್ದು, 12 ತಿಂಗಳಲ್ಲಿ ಒಂದೇ ಸಲ ಮರಿ, ಜೀವಮಾನದಲ್ಲಿ 5 ಸಲಕ್ಕಿಂತ ಜಾಸ್ತಿ ಇಲ್ಲ. ಬ್ರೀಡರ್ ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ರಿಜಿಸ್ಟರ್ ಆಗಿರಬೇಕು. ಫೋನಲ್ಲೇ ರಿಜಿಸ್ಟ್ರೇಷನ್ ನಂಬರ್ ಕೇಳಿ, ತಾಯಿಗೆ ಎಷ್ಟು ವರ್ಷ, ಇದು ಎಷ್ಟನೇ ಸಲ ಅಂತಾನೂ ಕೇಳಿ. ಸರಿಯಾಗಿ ಸಾಕೋರಿಗೆ ಈ ಪ್ರಶ್ನೆ ಖುಷಿ ಕೊಡತ್ತೆ, ಅವ್ರೇ ತಿರುಗಿ ನಿಮ್ಮನ್ನ ಕೇಳ್ತಾರೆ, ಮನೇಲಿ ಹಗಲು ಯಾರಿರ್ತಾರೆ, ತೋಟದ ಮನೇನಾ ಟೌನಾ, ಚಿಕ್ಕ ಮಕ್ಕಳಿದಾರಾ ಅಂತ. ಏನೂ ಕೇಳ್ದೆ ಯಾವಾಗ ಬರ್ತೀರಾ ಅನ್ನೋರ ಹತ್ರ ಸ್ವಲ್ಪ ಹುಷಾರು.

ಇನ್ನು ವಾಟ್ಸಾಪಲ್ಲಿ ಫೋಟೋ ಕಳ್ಸಿ ಅಡ್ವಾನ್ಸ್ ಹಾಕಿ, ರಾತ್ರಿ ಬಸ್ಸಿಗೆ ಮರಿ ಹಾಕ್ತೀನಿ, ಬೆಳಿಗ್ಗೆ ಸ್ಟ್ಯಾಂಡಲ್ಲಿ ಇಳಿಸ್ಕೊಳಿ ಅಂತಾರಲ್ಲ, ಅದನ್ನ ಅಲ್ಲಿಗೇ ಬಿಟ್ಬಿಡಿ. ಕೆಲವು ಸಲ ಮರಿನೇ ಇರಲ್ಲ, ಅಡ್ವಾನ್ಸ್ ಆದ್ಮೇಲೆ ಬಾಕ್ಸ್ ಚಾರ್ಜ್, ಅದಾದ್ಮೇಲೆ ಇನ್ಶೂರೆನ್ಸ್ ಅಂತ ಕೇಳ್ತಾನೇ ಇರ್ತಾರೆ. ಮರಿ ನಿಜವಾಗ್ಲೂ ಬಂದ್ರೂ, ರಾತ್ರಿಯಿಡೀ ರಟ್ಟಿನ ಡಬ್ಬದಲ್ಲಿ ಡಿಕ್ಕಿಯೊಳಗೆ ಕೂತು ಬಂದಿದ್ದು ಮನುಷ್ಯರನ್ನ ನಂಬೋಕೆ ಎಷ್ಟು ದಿನ ಬೇಕು ಹೇಳಿ.

ಹೋಗಿ ನೋಡೋದೇ ಮುಖ್ಯ. ಸಾಧ್ಯ ಆದ್ರೆ ಮರಿಗೆ ಐದಾರು ವಾರ ಇದ್ದಾಗ ಒಂದ್ಸಲ, ತರೋ ದಿನ ಇನ್ನೊಂದ್ಸಲ. ಗೇಟ್ ಒಳಗೆ ಕಾಲಿಟ್ಟ ತಕ್ಷಣ ಮರಿಗಳು ಎಲ್ಲಿದಾವೆ ನೋಡಿ. ಅಡುಗೆಮನೆ ಪಕ್ಕದ ವರಾಂಡದಲ್ಲೋ ಹಾಲ್ ಮೂಲೆಯಲ್ಲೋ ಇದ್ರೆ ಅರ್ಧ ಗೆದ್ದಂಗೆ, ಯಾಕಂದ್ರೆ ಮಿಕ್ಸಿ, ಟಿವಿ, ಪಾತ್ರೆ ಬೀಳೋದು, ಮಕ್ಕಳ ಗಲಾಟೆ, ಪೊರಕೆ ಎಲ್ಲಾ ಅವಕ್ಕೆ ಆಗ್ಲೇ ಪರಿಚಯ. ಹಿತ್ತಲ ಶೆಡ್ಡಲ್ಲಿ, ಟೆರೇಸ್ ಮೇಲಿನ ಬೋನಲ್ಲಿ ಇದ್ದು, ನಿಮಗೆ ತೋರ್ಸೋಕೆ ಅಂತ ಒಂದನ್ನ ತೊಳೆದು ಪೌಡರ್ ಹಾಕಿ ತಂದ್ರೆ ಉಳಿದವನ್ನೂ ನೋಡ್ಬೇಕು ಅಂತ ಕೇಳಿ. ತೋರ್ಸಲ್ಲ ಅಂದ್ರೆ ಕಾಫಿ ಕುಡ್ದು ಎದ್ದು ಬನ್ನಿ.

ತಾಯಿನ ನೋಡ್ಲೇಬೇಕು. ಅಪ್ಪ ಬೇರೆ ಊರಲ್ಲಿರಬಹುದು, ಕ್ರಾಸ್ ಮಾಡ್ಸೋಕೆ ಹೊರಗಡೆ ಕರ್ಕೊಂಡು ಹೋಗೋದು ಮಾಮೂಲಿ, ಆದ್ರೆ ಎಂಟು ವಾರದ ಮರಿ ಇರೋ ಮನೇಲಿ ತಾಯಿ ಇಲ್ಲ ಅಂದ್ರೆ ಆ ಮರಿ ಅಲ್ಲಿ ಹುಟ್ಟಿದ್ದಲ್ಲ, ಎಲ್ಲಿಂದಲೋ ತಂದು ಮಾರ್ತಿದಾರೆ. ತಾಯಿ ನಿಮ್ಮನ್ನ ಕಂಡು ಎರಡು ಸಲ ಬೊಗಳಿ, ಮನೆಯೋರು ಸುಮ್ನಿರು ಅಂದ್ಮೇಲೆ ಬಂದು ಕಾಲು ಮೂಸಿದ್ರೆ ಸರಿ. ಬಾಲ ಒಳಗೆ ಸೇರ್ಸಿ ಮೂಲೆ ಹಿಡಿದ್ರೆ, ಇಲ್ಲ ಹಲ್ಲು ಬಿಟ್ಕೊಂಡೇ ಇದ್ರೆ, ಮರಿ ಎಷ್ಟೇ ಮುದ್ದಾಗಿರ್ಲಿ ಯೋಚ್ನೆ ಮಾಡಿ. ಅವಳ ಸ್ವಭಾವ ಮರಿಗೆ ಹುಟ್ಟಿನಿಂದಲೂ ಬರತ್ತೆ, ಅವಳನ್ನ ನೋಡಿ ನೋಡಿನೂ ಬರತ್ತೆ.

ಆಮೇಲೆ ನೆಲದ ಮೇಲೆ ಕೂತ್ಕೊಳಿ, ಕುರ್ಚಿ ಬೇಡ. ಐದು ನಿಮಿಷ ಕೈ ಮುಂದೆ ಮಾಡ್ದೆ ಸುಮ್ನೆ ಕೂತ್ರೆ ಯಾವ್ದು ಹೆಂಗೆ ಅಂತ ತಾನಾಗೇ ಗೊತ್ತಾಗತ್ತೆ. ಒಂದು ಓಡಿ ಬಂದು ನಿಮ್ಮ ಮಡಿಲೇರಿ ಅಂಗಿ ಗುಂಡಿ ಕಚ್ಚತ್ತೆ, ಒಂದು ಸ್ವಲ್ಪ ದೂರ ನಿಂತು ನೋಡಿ ಆಮೇಲೆ ಬರತ್ತೆ, ಒಂದು ಬರೋದೇ ಇಲ್ಲ. ಮನೆಗೆ ಮೊದಲನೇ ನಾಯಿ ಆದ್ರೆ ನಾನು ಮಧ್ಯದ್ದನ್ನೇ ತಗೊಳಿ ಅಂತೀನಿ, ಓಡಿ ಬಂದಿದ್ದು ನಮ್ಮನ್ನೇ ಆರಿಸ್ಕೊಳ್ತು ಅಂತ ಜನ ಕರಗಿಹೋಗ್ತಾರೆ, ಅದು ಹಾಲುಗಾರನ ಹತ್ರಾನೂ ಹಂಗೇ ಓಡತ್ತೆ ಮಾರಾಯ್ರೆ. ಬರದೇ ಇರೋದನ್ನ ಪಾಪ ಅಂತ ತರ್ಬೇಡಿ, ಅದಕ್ಕೆ ನಾಯಿ ಸಾಕಿ ಪಳಗಿದೋರು ಬೇಕು. ಈಗ ಜೇಬಿಂದ ಕೀ ಗೊಂಚಲು ತೆಗ್ದು ಮರಿಗಳಿಂದ ಒಂದು ಮಾರು ದೂರ ಬೀಳ್ಸಿ. ಎಲ್ಲವೂ ಬೆಚ್ಚಿ ಬೀಳ್ತವೆ, ಅದೇನೂ ತಪ್ಪಲ್ಲ, ನೋಡ್ಬೇಕಾಗಿರೋದು ಆಮೇಲಿಂದು. ಕೆಲವೇ ಕ್ಷಣದಲ್ಲಿ ಏನದು ಅಂತ ಕೀ ಮೂಸೋಕೆ ಬರೋ ಮರಿ ದೀಪಾವಳಿ ಪಟಾಕಿಗೂ, ಶೀಟ್ ಮೇಲೆ ಬೀಳೋ ಜೂನ್ ಮಳೆಗೂ, ತೋಟದಲ್ಲಿ ಕಳೆ ಹೊಡಿಯೋ ಮಿಷಿನ್ನಿಗೂ, ಕಾಫಿ ಹಣ್ಣು ಕುಯ್ಲು ಟೈಮಲ್ಲಿ ಹಗಲೆಲ್ಲಾ ಓಡೋ ಸಿಪ್ಪೆ ಬಿಡಿಸೋ ಪಲ್ಪರ್‌ಗೂ ಒಗ್ಗತ್ತೆ. ಕೊನೆಗೆ ಎತ್ಕೊಂಡು ಅಂಗಾತ ಮಾಡಿ, ಕಾಲ್ಬೆರಳು ಮುಟ್ಟಿ, ಬಾಯಿ ಬಿಡಿಸಿ, ಕಿವಿ ಮಡಚಿ ನೋಡಿ. ದಿನಾ ಕೈಯಾಡ್ಸಿ ಬೆಳೆಸಿದ ಮರಿ ಸ್ವಲ್ಪ ಕೊಸರಾಡಿ ಸುಮ್ನಾಗತ್ತೆ. ಶಿಟ್ಜು, ಪಾಮ್ ತರ ಕೂದಲ ಜಾತಿಗಂತೂ ಇದು ಬೇಕೇ ಬೇಕು, ದಿನಾ ಬಾಚಬೇಕು, ಉಗುರು ಕತ್ತರಿಸಬೇಕು, ಮಳೆಗಾಲದಲ್ಲಿ ಬೆರಳ ಸಂದಿ ಒರೆಸಿ ರಕ್ತ ಹೀರೋ ಉಣ್ಣಿ ಹುಡುಕಬೇಕು.

ಕೈಯಲ್ಲಿರುವಾಗಲೇ ಆರೋಗ್ಯನೂ ನೋಡ್ಕೊಳಿ. ಕಣ್ಣಲ್ಲಿ ಪಿಸುರು ಬೇಡ, ಒಸಡು ಗುಲಾಬಿ ಇರ್ಲಿ, ಮೈ ಬಡಕಲಾಗಿ ಹೊಟ್ಟೆ ಮಾತ್ರ ಡೊಳ್ಳಾಗಿದ್ರೆ ಜಂತುಹುಳ. ಪಗ್ ಆದ್ರೆ ಮೂಗಿನ ಹೊಳ್ಳೆ ಅಗಲ ಇದೆಯಾ, ಸುಮ್ನೆ ಕೂತಾಗ್ಲೂ ಗೊರ್ ಗೊರ್ ಅನ್ನತ್ತಾ ನೋಡಿ. ಪಾಮ್‌ಗೆ ಮೊಣಕಾಲ ಚಿಪ್ಪು ಜಾರೋ ತೊಂದ್ರೆ ಇರತ್ತೆ, ಡ್ಯಾಶ್‌ಹಂಡ್‌ಗೆ ಬೆನ್ನುಮೂಳೆದು, ಹಂಗಾಗಿ ತಾಯಿ ನಡೆಯೋದನ್ನ, ಓಡೋದನ್ನ ನೋಡಿ. ಟೀಕಪ್ ಅಂತ ಡಬಲ್ ರೇಟ್ ಹೇಳ್ತಾರಲ್ಲ, ಆ ತರ ಜಾತಿನೇ ಇಲ್ಲ, ಬೆಳವಣಿಗೆ ಆಗದ ಮರಿನೋ ಎಳೇ ಮರಿನೋ ಇರತ್ತೆ ಅಷ್ಟೆ.

ವ್ಯಾಕ್ಸಿನ್ ಕಾರ್ಡಲ್ಲಿ ಸ್ಟಿಕ್ಕರ್, ತಾರೀಖು, ಡಾಕ್ಟ್ರ ಸೀಲು ಸಹಿ ಮೂರೂ ಇರಬೇಕು, ಪೆನ್ನಲ್ಲಿ ಬರೆದಿದ್ದು ಲೆಕ್ಕಕ್ಕಿಲ್ಲ. ಮೊದಲ ಇಂಜೆಕ್ಷನ್ ಆರರಿಂದ ಎಂಟು ವಾರದೊಳಗೆ, ಆಮೇಲೆ ಮೂರ್ನಾಲ್ಕು ವಾರಕ್ಕೊಂದು, ಹದಿನಾರು ವಾರ ಆಗೋವರೆಗೂ. ಏನು ತಿನ್ನಿಸ್ತಿದ್ರು, ಜಂತುಹುಳದ ಔಷಧ ಯಾವಾಗ ಹಾಕಿದ್ರು, ಯಾವ ಡಾಕ್ಟ್ರು ನೋಡ್ತಿದ್ರು ಅನ್ನೋದನ್ನ ಬರೆದು ಕೊಡ್ಬೇಕು ಅಂತಾನೂ ಅದೇ 2017ರ ನಿಯಮದಲ್ಲಿದೆ, ಕೇಳಿ ತಗೊಳಿ. ಕೆಸಿಐ, ಅಂದ್ರೆ ಕೆನಲ್ ಕ್ಲಬ್ ಆಫ್ ಇಂಡಿಯಾದ ಪೇಪರ್ ಇದೆ ಅಂದ್ರೆ ಅದರಲ್ಲಿರೋ ಮೈಕ್ರೋಚಿಪ್‌ನ (ಮರಿ ಚರ್ಮದಡಿ ಹಾಕೋ ಗುರುತಿನ ಚಿಪ್) ಹದಿನೈದು ಅಂಕಿ, ಮರಿ ಮೇಲೆ ಸ್ಕ್ಯಾನರ್ ಆಡ್ಸಿದಾಗ ಬರೋ ಅಂಕಿ ಎರಡೂ ಒಂದೇ ಇರಬೇಕು. ಆದ್ರೆ ಪೇಪರ್ ಹೇಳೋದು ವಂಶ ಮಾತ್ರ, ಮರಿ ಹೆಂಗೆ ಬೆಳೀತು ಅಂತ ಅದ್ರಲ್ಲಿ ಇರಲ್ಲ.

ಬೆಂಗಳೂರಿಂದ ತರೋರು ಬೆಳಿಗ್ಗೆನೇ ಹೊರಡಿ, ತಾಯಿ ಮಲಗಿದ್ದ ಬಟ್ಟೆ ತುಂಡೊಂದು ಇಸ್ಕೊಳಿ, ಆ ವಾಸನೆಗೆ ರಾತ್ರಿ ಅಳೋದು ಕಮ್ಮಿ ಆಗತ್ತೆ. ಬೆಳ್ಳೂರು ಕ್ರಾಸಲ್ಲಿ ಕಾಫಿಗೆ ನಿಲ್ಸಿದಾಗ ಉಚ್ಚೆ ಮಾಡ್ಲಿ ಅಂತ ನೆಲಕ್ಕೆ ಬಿಡ್ಬೇಡಿ, ಮರಿಗಳಿಗೆ ವಾಂತಿ ಭೇದಿ ತಂದು ಜೀವಕ್ಕೇ ಕುತ್ತಾಗೋ ಪಾರ್ವೋ ವೈರಸ್ ಮಣ್ಣಲ್ಲಿ ತಿಂಗಳುಗಟ್ಟಲೆ ಉಳಿಯತ್ತೆ, ಕಾರಲ್ಲೇ ಪೇಪರ್ ಹಾಸಿ. ಸಣ್ಣ ಜಾತಿ ಮರಿ ತುಂಬಾ ಹೊತ್ತು ಖಾಲಿ ಹೊಟ್ಟೆಲಿದ್ರೆ ಸಕ್ಕರೆ ಅಂಶ ಇಳಿದು ತೂರಾಡೋಕೆ ಶುರು ಮಾಡತ್ತೆ, ಆಗ ಒಸಡಿಗೆ ಜೇನುತುಪ್ಪ ಸವರಿ ಸೀದಾ ಡಾಕ್ಟ್ರ ಹತ್ರ ಹೋಗಿ. ದಿನಕ್ಕೆ ನಾಲ್ಕು ಸಲ ಸ್ವಲ್ಪ ಸ್ವಲ್ಪ ಹಾಕ್ತಿದ್ರೆ ಈ ಗತಿ ಬರಲ್ಲ.

ಬಂದ ಎರಡು ದಿನದೊಳಗೆ ಡಾಕ್ಟ್ರಿಗೆ ತೋರ್ಸಿ, ಹಾಸನದೋರಿಗೆ ವೆಟರ್ನರಿ ಕಾಲೇಜೇ ಇದೆ. ತೊಂದ್ರೆ ಕಂಡ್ರೆ ಮರಿ ವಾಪಸ್ ತಗೋತೀನಿ ಅಂತ ಬ್ರೀಡರ್ ಹತ್ರ ಮೊದ್ಲೇ ಬರೆಸ್ಕೊಂಡಿದ್ರೆ ಇಲ್ಲಿ ಉಪಯೋಗಕ್ಕೆ ಬರತ್ತೆ. ಇಂಜೆಕ್ಷನ್ ಮುಗಿಯೋವರೆಗೂ ಹೊರಗೆ ಬೇಡ ಅಂತ ನಾಲ್ಕು ತಿಂಗಳು ಒಳಗೇ ಕೂಡಿ ಹಾಕೋರು ತುಂಬಾ ಜನ, ಅಷ್ಟೊತ್ತಿಗೆ ಕಲಿಯೋ ಕಾಲ ಮುಗಿದಿರತ್ತೆ. ನೆಲಕ್ಕೆ ಬಿಡ್ದೆ ಎತ್ಕೊಂಡು ಹೋಗಿ, ಸಂತೆ ಅಂಚಲ್ಲಿ, ಬಸ್ ಸ್ಟ್ಯಾಂಡ್ ಆಚೆ ಸ್ವಲ್ಪ ಹೊತ್ತು ನಿಂತು ಬನ್ನಿ. ಕೊಡೆ ಹಿಡ್ದೋರು, ಹೆಲ್ಮೆಟ್ ಹಾಕಿದೋರು, ಗೊರಬು ಹೊದ್ದೋರು, ಸ್ಕೂಲ್ ಮಕ್ಕಳು ಎಲ್ರನ್ನೂ ನೋಡ್ಲಿ, ಇಂಜೆಕ್ಷನ್ ಆಗಿರೋ ನೆಂಟರ ಮನೆ ನಾಯಿ ಜೊತೆ ಆಡ್ಲಿ. ತೋಟದ ಮನೆಯೋರು ಕತ್ತಲಾದ್ಮೇಲೆ ಮಾತ್ರ ಅಂಗಳಕ್ಕೂ ಒಂದೇ ಬಿಡ್ಬೇಡಿ, ಸಕಲೇಶಪುರ ಮೂಡಿಗೆರೆ ಕಡೆ ಚಿರತೆ ಜಗಲಿವರೆಗೂ ಬರತ್ತೆ, ಎರಡ್ಮೂರು ಕೇಜಿ ನಾಯಿ ಅದಕ್ಕೊಂದು ತುತ್ತು. ಮೂರು ತಿಂಗಳಿಗೆ ರೇಬೀಸ್ ಇಂಜೆಕ್ಷನ್ ಹಾಕ್ಸಿ, ಆ ತಾರೀಖನ್ನ ಈಗ್ಲೇ ಕ್ಯಾಲೆಂಡರಲ್ಲಿ ಗುರ್ತು ಹಾಕಿಡಿ.